ಹೂಳೆತ್ತುವ ಹಡಗು

ಮೂವತ್ತೊಂದು ವರ್ಷದಿಂದ ಈ ದಡಕ್ಕೂ ಆ ದಡಕ್ಕೂ
ಲಾಂಚು ನಡೆಸುತ್ತೇನೆ, ಹನ್ನೊಂದು ನಿಮಿಷದ ದಾರಿ.
ಅವೇರೊದ ಹಿನ್ನೀರಲ್ಲಿ ಕಣ್ಣು ಮುಚ್ಚಿಯೂ ಹೋಗಬಲ್ಲೆ
ಎಂದು ಜಂಬ ಕೊಚ್ಚಿದ್ದೇನೆ,
ಕೇಳಿದವರು ಕಾಫಿ ಕೊಡಿಸಿದ್ದಾರೆ.

ರಾತ್ರಿ ಹತ್ತಾದರೆ ಸಾಕು, ಶುರು:
ಗರಗರ, ಗರಗರ,
ಕಬ್ಬಿಣದ ಬಾಯಿ ಕೆಸರು ಮೊಗೆಯುವ ಸದ್ದು.
ಕಿಟಕಿಯ ಗಾಜು ನಡುಗುತ್ತದೆ. ಗೋಡೆಯಲ್ಲಿ
ಅಮ್ಮ ತೂಗುಹಾಕಿದ ಶಿಲುಬೆ
ಮೊಳೆಯಲ್ಲೇ ಒಂದಿಷ್ಟು ವಾಲುತ್ತದೆ.
ಬೆಳಿಗ್ಗೆ ಎದ್ದು ಅದನ್ನು ನೆಟ್ಟಗೆ ಮಾಡುವುದು,
ನನ್ನ ಪ್ರಾರ್ಥನೆ ಅಷ್ಟೇ.
ಬಂದರು ಕಚೇರಿಗೆ ಮೂರು ಸಲ ಅರ್ಜಿ ಬರೆದೆ:
ಮಾನ್ಯರೇ, ಮನುಷ್ಯರು ಮಲಗಬೇಕು.

ದೆಯೊಲಿಂಡಾ ಅಜ್ಜಿ ಬುಧವಾರದ ಗಿರಾಕಿ,
ಆ ದಡದ ಗೋರಿಗೆ ಹೂ ಒಯ್ಯುವವಳು.
'ಅರವತ್ತು ವರ್ಷ ಜಪಮಾಲೆ ಎಣಿಸಿದೆ, ಬೆಲ್ಮಿರು,
ಒಂದು ದಿನ ಬಂದು ಏನಮ್ಮಾ ಅಂತ ಕೇಳಲಿಲ್ಲ ಅವನು.'
'ಕೆಲಸದಲ್ಲಿದ್ದಾನೇನೋ' ಅಂದೆ, ತಮಾಷೆಗೆ.
ಅವಳು ನಗಲಿಲ್ಲ.

ಹೋದ ಚಳಿಗಾಲ ಆ ಹಡಗು
ರಿಪೇರಿಗೆಂದು ಲಿಸ್ಬನ್ನಿಗೆ ಹೋಯಿತು.
ಏಳು ವಾರ ಮಗುವಿನ ಹಾಗೆ ಮಲಗಿದೆ.
ಅರ್ಜಿ ಫಲಿಸಿತೆಂದು ಬೀಗಿದೆ.

ಎಂಟನೆಯ ವಾರ, ಬುಧವಾರ, ಇಳಿತದ ಹೊತ್ತು,
ದಡ ಇನ್ನೇನು ನಲವತ್ತು ಮಾರು ಇದೆ ಎನ್ನುವಾಗ
ಲಾಂಚು ಒಮ್ಮೆ ನಿಟ್ಟುಸಿರಿಟ್ಟು ನಿಂತುಬಿಟ್ಟಿತು.
ನೀರ ಮೇಲೆ ಏನೂ ಇಲ್ಲ. ಅದೇ ಬೆಳ್ಳಿ, ಅದೇ ಹಕ್ಕಿ.
ಕೆಳಗೆ ಮರಳು ಬೆಳೆದಿತ್ತು
ಯಾರ ಅಪ್ಪಣೆಯನ್ನೂ ಕೇಳದೆ, ದಿನಕ್ಕೆ ಬೆರಳಗಲ.

ಹದಿನಾಲ್ಕು ಜನ, ಎರಡು ಸೈಕಲ್ಲು, ಒಂದು ಬುಟ್ಟಿ ಹಾವುಮೀನು.
ಉಬ್ಬರ ಬರುವ ತನಕ ಮೂರು ಗಂಟೆ.
ಯಾರೋ ಬೈದರು, ಯಾರೋ ಬ್ರೆಡ್ಡು ಮುರಿದು ಹಂಚಿದರು.
ಅಜ್ಜಿ ಬಾಡುವ ಹೂವಿಗೆ ಹಿನ್ನೀರನ್ನೇ ಚಿಮುಕಿಸಿದಳು;
ಉಪ್ಪು ಎಂದು ನಾನು ಹೇಳಲಿಲ್ಲ.
ಚುಕ್ಕಾಣಿ ಹಿಡಿದೇ ಕೂತಿದ್ದೆ, ತಿರುಗಿಸಲು ಏನೂ ಇಲ್ಲದೆ.
ಮೂವತ್ತೊಂದು ವರ್ಷ ನಾನು ತೇಲಿದ್ದು
ನನ್ನ ಜಾಣತನದ ಮೇಲಲ್ಲ.

ಅವತ್ತಿಂದ ಹಳೇ ಸಾಲಗಾರನ ಹಾಗೆ ಲೆಕ್ಕ ಹಾಕುತ್ತಿದ್ದೇನೆ.
ಇಪ್ಪತ್ತರ ಪ್ರಾಯದಲ್ಲಿ, ಕಾಡ್ ಮೀನಿನ ಹಡಗು
ಉತ್ತರ ಸಮುದ್ರಕ್ಕೆ ಹೊರಟ ದಿನ ನನಗೆ ಜ್ವರ.
ಆ ಹಡಗು ಮುಳುಗಲಿಲ್ಲ. ಸುಖವಾಗಿ ಹೋಗಿ ಬಂತು.
ನನ್ನ ಜಾಗದಲ್ಲಿ ಹೋದ ತಮ್ಮ ಎರಡಂತಸ್ತಿನ ಮನೆ ಕಟ್ಟಿದ,
ನೀಲಿ ಹೆಂಚಿನ ಮುಂಗೋಡೆ.
ಎಷ್ಟೋ ವರ್ಷ ಆ ನೀಲಿ ನನ್ನ ಗಂಟಲಲ್ಲಿ ಸಿಕ್ಕಿತ್ತು.
ಈಗ ಗಳ ಇಳಿಸಿ ನೋಡಿದರೆ ತಾಗುತ್ತಿಲ್ಲ.
ಯಾವಾಗ ಹೋಯಿತು? ಯಾವ ಇರುಳು? ತಿಳಿಯದು.
ಅಪ್ಪನನ್ನು ಕ್ಷಮಿಸೆನೆಂದು ಆಣೆಯಿಟ್ಟಿದ್ದೆ,
ಆ ಬಂಡೆಯೂ ಇಲ್ಲ,
ಅದಿದ್ದ ಕಡೆ ನೀರು ಆಳವಾಗಿದೆ.

ಒಡೆಯಾ,
ನಿನ್ನನ್ನು ಮೇಲೆ ಹುಡುಕಿದೆ: ಗೋಪುರ, ಗಂಟೆ, ಮೇಣದ ಬೆಳಕು.
ನೀನು ಕೆಳಗೆ, ರಾತ್ರಿ ಪಾಳಿಯಲ್ಲಿ,
ಮೊಣಕಾಲಿನ ತನಕ ನನ್ನ ಕೆಸರಲ್ಲಿ.
ಮೊಗೆದಾಗ ನೀರು ಕದಡುತ್ತದೆ;
ಕದಡಿದ್ದನ್ನೇ ನೀನಿಲ್ಲದ ಗುರುತೆಂದು ಓದಿಕೊಂಡೆ.
ಎಲ್ಲ ಎತ್ತಿ ಮುಗಿಯಿತೆಂದಲ್ಲ.
ನದಿ ಇರುವ ತನಕ ಹೂಳು ಬರುತ್ತದೆ,
ಸುಮ್ಮನೆ ಬಿಟ್ಟರೆ ಹೂಳೇ ಹೂಳುತ್ತದೆ.

ಮಾರ್ಚಿಯಲ್ಲಿ ಹಡಗು ಮರಳಿತು. ಗರಗರ, ಗರಗರ.
ನಿದ್ದೆ ಬರುವುದಿಲ್ಲ, ಸುಳ್ಳೇಕೆ ಹೇಳಲಿ,
ನಾಲ್ಕನೆಯ ಅರ್ಜಿಯನ್ನೂ ಬರೆದೇನು.
ಬೆಳಿಗ್ಗೆ ಶಿಲುಬೆ ವಾಲಿರುತ್ತದೆ.
ಅಭ್ಯಾಸಬಲದಿಂದ ಕೈ ಹೋಗುತ್ತದೆ,
ನಡುವೆ ನಿಲ್ಲುತ್ತದೆ.

ಇರಲಿ,
ಇವತ್ತು ಹಾಗೇ ಇರಲಿ.